ಗಾಡಿ ಓಟವನ್ನು ಸೆರೆಹಿಡಿಯುವ ಹುಡುಗರು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜೋಡಿ ಎತ್ತಿನ ಗಾಡಿ ಓಟವನ್ನು ಇಂದು ಹೆಚ್ಚಾಗಿ ಚಿತ್ರೀಕರಿಸುವವರು ಊರಿನ ಹುಡುಗರು. ಕೈಯಲ್ಲಿರುವುದು ಮೊಬೈಲು. ಅವರ ಚಿತ್ರೀಕರಣವನ್ನು ಬರಿಯ ತಮಾಷೆಯೆಂದು ತಳ್ಳಿಹಾಕುವುದು ತಪ್ಪು.

ಚಿತ್ರ ಇಲ್ಲದಿದ್ದರೆ ಆಗುವ ನಷ್ಟಕ್ಕೆ 1983ರ ಜೂನ್ 18 ಸಾಕ್ಷಿ. ಅಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅಜೇಯ 175 ಹೊಡೆದರು. ಕರ್ನಾಟಕದ ರೋಜರ್ ಬಿನ್ನಿ ಒಂದಿಷ್ಟು ಹೊತ್ತು ಆಸರೆಯಾದರೆ, ಸಯ್ಯದ್ ಕಿರ್ಮಾನಿ ಕಪಿಲ್ ಜೊತೆ ಮುರಿಯದ 9ನೇ ವಿಕೆಟ್ಟಿಗೆ 126 ರನ್ ಸೇರಿಸಿದರು. ಟಿವಿ ಕ್ಯಾಮೆರಾ ಅಲ್ಲಿರಲಿಲ್ಲ. ವಿಶ್ವಕಪ್ ಗೆಲುವಿಗೆ ದಾರಿ ತೆರೆದ ಆ ಆಟ ಸ್ಕೋರು ಪಟ್ಟಿಯಲ್ಲೂ ನೋಡಿದವರ ಮಾತಿನಲ್ಲೂ ಉಳಿಯಿತು.

ಆಗ ಹವ್ಯಾಸಿಗಳ ಕೈಗೆಟುಕುತ್ತಿದ್ದುದು 1965ರಲ್ಲಿ ಕೊಡಕ್ ತಂದ ಸೂಪರ್ 8 ಫಿಲ್ಮ್. ಅದರ 50 ಅಡಿ ಸುರುಳಿ, ಸೆಕೆಂಡಿಗೆ 18 ಚೌಕಟ್ಟಿನ ವೇಗದಲ್ಲಿ, 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತಿತ್ತು. ಹಾಗಾಗಿ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ಮೊದಲೇ ತೂಗಿ ನೋಡಬೇಕಿತ್ತು. ಮೊಬೈಲಿಗೆ ಆ ಕಟ್ಟು ಇಲ್ಲ; ಆ ಶಿಸ್ತೂ ಹೋಗಿದೆ.

ಗಾಡಿ ಓಟಕ್ಕೆ ಶಿಸ್ತು ಬೇಕೇಬೇಕು. ಹಳ್ಳಿಕಾರ್ ತಳಿಯ ಎತ್ತಿನ ಜೋಡಿ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಂದೆ ಹಾದುಹೋಗುತ್ತದೆ. ಬಿಸಿಲು ಬೆನ್ನಿಗಿರುವಂತೆ, ಬೇಲಿಯಾಚೆ ಸುರಕ್ಷಿತ ಜಾಗದಲ್ಲಿ ನಿಲ್ಲಬೇಕು. ದಿಕ್ಕು ತಪ್ಪಿದ ಗಾಡಿ ಜನರ ಮೇಲೆ ನುಗ್ಗುವ ಅಪಾಯ ಸಣ್ಣದಲ್ಲ. ಮೊಬೈಲನ್ನು ಅಡ್ಡ ಹಿಡಿದು, ಸೆಕೆಂಡಿಗೆ 60 ಚೌಕಟ್ಟು ಇಟ್ಟುಕೊಂಡರೆ ಕಾಲುಗಳ ಚಲನೆ ಮಸುಕಾಗುವುದು ಕಡಿಮೆ. ಜೂಮ್ ಬೇಡ. ಹೊರಟಲ್ಲಿಂದ ಗುರಿ ಮುಟ್ಟುವ ತನಕ ಒಂದೇ ಉಸಿರಿನ ದೃಶ್ಯವೇ ಶ್ರೇಷ್ಠ. ನೊಗಕ್ಕೆ ಹೂಡುವ ಮುನ್ನ ಎತ್ತಿನ ಮೈ ತಡವುವ ಒಡೆಯ, ಮೈಕಿನ ಕೂಗು, ತಮಟೆ, ದೂಳು ಇವೂ ಓಟದ ಭಾಗವೇ. ರೀಲ್ಸ್‌ನ ಹಾಡು ಹಾಕಿ ಆ ಸದ್ದನ್ನು ಅಳಿಸಿದರೆ ಅರ್ಧ ಓಟವೇ ಹೋದಂತೆ.

ಇಂಥ ಚಿತ್ರಕ್ಕೆ ಇನ್ನೊಂದು ತೂಕವೂ ಇದೆ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ತಡೆಯಿತು. ಕರ್ನಾಟಕ 2017ರ ತಿದ್ದುಪಡಿಯಿಂದ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಹಿಂಸೆಯಾಯಿತೇ, ಬಾರುಕೋಲು ಮಿತಿ ಮೀರಿತೇ ಎಂಬ ಪ್ರಶ್ನೆಗೆ ಕತ್ತರಿಸದ ಚಿತ್ರಕ್ಕಿಂತ ನೇರ ಉತ್ತರ ಇಲ್ಲ.

ವಾಟ್ಸಾಪಿನಲ್ಲಿ ಕಳಿಸಿದ ವಿಡಿಯೊ ಸಾಮಾನ್ಯವಾಗಿ ಕುಗ್ಗಿ ಸವೆಯುತ್ತದೆ. ಚಿತ್ರ ತೆಗೆದವರು ಮೂಲ ಕಡತವನ್ನು ಎರಡು ಕಡೆ ಉಳಿಸಿ, ಊರು, ದಿನಾಂಕ, ಜೋಡಿಯ ಹೆಸರು ಬರೆದಿಡಲಿ.