ಬೋದಿಗೆಯಲ್ಲಿ ಬರೆದ ಹೆಸರು

ಇಸ್ತಾಂಬುಲ್ ನಗರದ ಹಾಗಿಯಾ ಸೋಫಿಯಾ ಎಂದೊಡನೆ ಎಲ್ಲರೂ ಅದರ ಗುಮ್ಮಟದ ಮಾತೆತ್ತುತ್ತಾರೆ. ಗುಮ್ಮಟ ಭವ್ಯವಾದುದೇ, ಸರಿ. ಆದರೆ ಆ ಕಟ್ಟಡದ ಚಿತ್ರಗಳನ್ನು ನೋಡುವಾಗ ನನ್ನ ಕಣ್ಣು ನಿಲ್ಲುವುದು ಕೆಳಗೆ, ಕಂಬಗಳ ಬೋದಿಗೆಗಳ ಮೇಲೆ. ಅಮೃತಶಿಲೆಯನ್ನು ಒಳಗೊಳಗೇ ಕೊರೆದು ಎಲೆಗಳನ್ನು ಕಸೂತಿಯಂತೆ ಬಿಡಿಸಿದ್ದಾರೆ. ಎಲೆಗಳ ನಡುವೆ ಒಂದು ದುಂಡು ಬಿಲ್ಲೆ. ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡ ಗ್ರೀಕ್ ಅಕ್ಷರಗಳು.

ಮೊದಲ ಸಲ ಅದನ್ನೂ ಹೂವೆಂದೇ ಎಣಿಸಿದ್ದೆ. ಅದು ಮಾನೋಗ್ರಾಮ್: ಒಂದು ಅಕ್ಷರದ ಗೆರೆಯನ್ನೇ ಇನ್ನೊಂದಕ್ಕೂ ಸಾಲ ಕೊಟ್ಟು ಇಡೀ ಹೆಸರನ್ನು ಒಂದೇ ಆಕೃತಿಯಲ್ಲಿ ಅಡಗಿಸುವ ವಿದ್ಯೆ. ಒತ್ತಕ್ಷರ ಬಲ್ಲ ನಮಗೆ ಅಕ್ಷರಗಳ ಒತ್ತೊತ್ತು ಹೊಸದಲ್ಲವಾದರೂ, ನಮ್ಮಲ್ಲಿ ಓದುವ ಕ್ರಮವೊಂದಿದೆ. ಇಲ್ಲಿ ಎಲ್ಲಿಂದ ತೊಡಗಬೇಕೆಂಬುದು ಹೆಸರನ್ನು ಮೊದಲೇ ಬಲ್ಲವನಿಗೆ ಮಾತ್ರ ಗೊತ್ತು. ಹಳೆಯ ಮಾದರಿಯಲ್ಲಿ ಅಗಲವಾದ ಅಕ್ಷರವೊಂದಕ್ಕೆ ಉಳಿದವನ್ನು ಅಂಟಿಸುತ್ತಿದ್ದರು. ಆರನೆಯ ಶತಮಾನದಲ್ಲಿ ಶಿಲುಬೆಯ ತೋಳುಗಳಿಗೆ ಅಕ್ಷರಗಳನ್ನು ಜೋಡಿಸುವ ಮಾದರಿ ಬಂತು. ಎರಡನೆಯದು ಹೆಚ್ಚು ಚೊಕ್ಕ. ನನಗೇನೋ ಮೊದಲನೆಯದೇ ಇಷ್ಟ. ಅದರಲ್ಲಿ ಕೈಯ ಹುಡುಕಾಟ ಕಾಣುತ್ತದೆ.

ಬಿಡಿಸಿ ಓದಿದರೆ ಸಿಗುವುದು 'ಜಸ್ಟಿನಿಯನ್ನನ', 'ಅರಸನ', 'ಥಿಯೊಡೋರಳ', 'ಮಹಾರಾಣಿಯ'. ಎಲ್ಲವೂ ಷಷ್ಠೀ ವಿಭಕ್ತಿ! ಅವರದು ಏನು? ಕಂಬವೇ, ಕಟ್ಟಡವೇ, ರಾಜ್ಯವೇ? ಕಲ್ಲು ಹೇಳುವುದಿಲ್ಲ. 532ರ ನೀಕಾ ದಂಗೆಯಲ್ಲಿ ಹಳೆಯ ಚರ್ಚು ಸುಟ್ಟುಹೋಯಿತು, ಅದನ್ನು ಅಡಗಿಸುವಾಗ ಸಾವಿರಾರು ಜನ ಸತ್ತರು. 537ಕ್ಕೆ ಹೊಸದು ಸಿದ್ಧವಾಯಿತು. ಪಟ್ಟವೇ ಅಲುಗಾಡಿದ ದೊರೆ ಐದೇ ವರ್ಷಗಳಲ್ಲಿ ಬೋದಿಗೆಗಳ ಮೇಲೆ ಹೀಗೆ ಬರೆಸಿದ್ದನ್ನು ಬರಿಯ ಅಲಂಕಾರವೆಂದು ನಾನು ಒಪ್ಪಲಾರೆ.

ಹಾಗೆಂದು ಜಂಬವೆಂದು ತಳ್ಳಿಹಾಕುವುದೂ ಅನ್ಯಾಯ. ಅದೇ ಊರಿನ ಸರ್ಗಿಯಸ್–ಬಾಕಸ್ ಸಂತರ ಚರ್ಚಿನಲ್ಲಿ ಇದೇ ದಂಪತಿಗಳ ಸ್ತುತಿಯನ್ನು ಕಂಬಗಳ ಮೇಲಿನ ತೊಲೆಯುದ್ದಕ್ಕೂ ಪದ್ಯವಾಗಿ ಕೆತ್ತಿದೆ. ಅದು ನಾಮಫಲಕ, ಓದಿ ಮುಂದೆ ಹೋಗಬಹುದು. ಬಿಲ್ಲೆಯ ಮುಂದೆ ನಿಲ್ಲಬೇಕಾಗುತ್ತದೆ. ಇನ್ನು ಥಿಯೊಡೋರಳ ಮಾತು. ಕರಡಿ ಸಾಕುವವನ ಮಗಳು, ರಂಗದ ಮೇಲೆ ಕುಣಿದವಳು ಎಂದು ಇತಿಹಾಸಕಾರ ಪ್ರೊಕೋಪಿಯಸ್ ತನ್ನ ಗುಟ್ಟಿನ ಗ್ರಂಥದಲ್ಲಿ ಅವಳನ್ನು ಹೀಗಳೆದಿದ್ದಾನೆ. ಅರಸನ ಕಟ್ಟಡಗಳನ್ನು ಹೊಗಳಿ ಇನ್ನೊಂದು ಗ್ರಂಥ ಬರೆದವನೂ ಅವನೇ! ಬೋದಿಗೆಯಲ್ಲಾದರೋ ಅವಳ ಹೆಸರಿಗೂ ಗಂಡನ ಹೆಸರಿಗಿರುವಂಥದೇ ಬಿಲ್ಲೆ. 548ರಲ್ಲಿ ಆಕೆ ತೀರಿಕೊಂಡಳು. ಎಫೆಸಸ್ಸಿನ ಸಂತ ಯೋಹಾನನ ಚರ್ಚಿನ ಬೋದಿಗೆಗಳಲ್ಲೂ ಅವಳ ಹೆಸರಿದೆ. ಅವುಗಳ ಕಾಲ ಗೊತ್ತುಮಾಡಲು ವಿದ್ವಾಂಸರು ಹಿಡಿದ ಆಧಾರ ಅದೇ.

ಹಾಗಿಯಾ ಸೋಫಿಯಾ 1453ರಲ್ಲಿ ಮಸೀದಿಯಾಯಿತು, 1934ರ ನಿರ್ಣಯದಿಂದ ವಸ್ತುಸಂಗ್ರಹಾಲಯವಾಯಿತು, 2020ರಲ್ಲಿ ಮತ್ತೆ ಮಸೀದಿಯಾಯಿತು. ಅದರ ಕಲ್ಲುಗಳ ಮೇಲೆ ಕಲ್ಲುಕುಟಿಗರ ಗುರುತುಗಳೂ ಉಳಿದಿವೆ: ಎರಡೋ ಮೂರೋ ಅಕ್ಷರ, ಅವಸರದ ಉಳಿಯ ಗೀರು. ಅವೂ ಹೆಸರುಗಳ ತುಣುಕುಗಳಿರಬೇಕು. ಅರಸನ ಒಗಟನ್ನು ಬಿಡಿಸಲು ನಮಗೆ ಚರಿತ್ರೆಯ ನೆರವಿದೆ. ಈ ಗೀರುಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ಅಕ್ಷರಗಳು ಕಂಡವೇ ಹೊರತು ಮನುಷ್ಯ ಕಾಣಲಿಲ್ಲ.