ಹತ್ತಿಯ ಗೊಬ್ಬರದ ವಿಷಯದಲ್ಲಿ ‘ಕೂಡಿಸು’ ಎಂಬ ಪದದ ವಿಚಾರ

ಹತ್ತಿಗೆ ಪೋಷಕದ್ರವ್ಯಗಳನ್ನು ‘ಕೂಡಿಸಿ’ ಕೊಡಬೇಕೆಂದು ಕನ್ನಡದ ಕೃಷಿಬರೆಹಗಳಲ್ಲಿ ಹೇಳುವುದುಂಟು. ಈ ಪದವು ಸಂದಿಗ್ಧವಾದುದು. ಒಂದೇ ಪಾತ್ರೆಯಲ್ಲಿ ಕಲಸುವುದು ಒಂದರ್ಥ. ಒಂದೇ ಬೆಳೆಗೆ ಎಲ್ಲವನ್ನೂ ಒದಗಿಸುವುದು ಮತ್ತೊಂದು. ಸುರಪಾಲನ ವೃಕ್ಷಾಯುರ್ವೇದದ ಕುಣಪಜಲಕ್ಕೆ ಮೊದಲನೆಯ ಅರ್ಥವೇ ಸಾಧು. ಅಲ್ಲಿ ಮಾಂಸ, ಹಾಲು, ಎಳ್ಳು, ಜೇನು ಒಂದೇ ಕೊಡದಲ್ಲಿ ಪಕ್ವವಾಗತಕ್ಕವು. ಧಾರವಾಡ ಸೀಮೆಯ ಎರೆಭೂಮಿಯ ಹತ್ತಿಗೆ ಎರಡನೆಯದೇ ಸಲ್ಲುವುದು. ರಂಜಕವನ್ನು ಬಿತ್ತನೆಯೊಡನೆ, ಸಾರಜನಕವನ್ನು ಕಂತುಗಳಲ್ಲಿ, ಎಲೆ ಕೆಂಪಾಗದಂತೆ ಮೆಗ್ನೀಸಿಯಮ್ ಸಲ್ಫೇಟನ್ನು ಸಿಂಪಡಣೆಯಿಂದ ಕೊಡತಕ್ಕುದು. ಅಮೋನಿಯಮ್ ಸಲ್ಫೇಟಿಗೆ ಸುಣ್ಣವನ್ನು ಕಲಸಿದರೆ ಸಾರಜನಕವು ಅಮೋನಿಯಾ ವಾಯುವಾಗಿ ಹಾರಿಹೋಗುವುದು. ಪದದೋಷದ ದಂಡವನ್ನು ಒಕ್ಕಲಿಗನೇ ತೆರಬೇಕಾಗುವುದು.

ಈ ಎರಡನೆಯ ಅರ್ಥವು ಆಲಂಕಾರಿಕರಿಗೆ ಹೊಸತಲ್ಲ. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಕಾವ್ಯಕ್ಕೆ ಮೂರು ಹೇತುಗಳೆನ್ನದೆ, ಮೂರೂ ಸೇರಿ ಒಂದೇ ಹೇತುವೆಂದನು. ಇದು ದಂಡಚಕ್ರನ್ಯಾಯ. 19ನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಪಂಡಿತನು ಪ್ರಚುರಪಡಿಸಿದ ನಿಯಮವೂ ಇದಕ್ಕೆ ಸಮೀಪವಾದುದು: ಅಗತ್ಯಕ್ಕಿಂತ ಅತಿ ಕಡಿಮೆಯಿರುವ ಪೋಷಕವೇ ಇಳುವರಿಯ ಮಿತಿಯನ್ನು ನಿರ್ಣಯಿಸುವುದು. ಸಾರಜನಕದ ಆಧಿಕ್ಯವು ಪೊಟ್ಯಾಷಿನ ಕೊರತೆಯನ್ನು ತುಂಬದು.

ಕುಂಬಾರನಿಗೆ ದಂಡವೂ ಬೇಕು, ಚಕ್ರವೂ ಬೇಕು; ಆದರೆ ಅವನು ಅವನ್ನು ಅರೆದು ಮಣ್ಣಿಗೆ ಬೆರೆಸನು. ಆದುದರಿಂದ ಕಲಸುವುದನ್ನು ‘ಮಿಶ್ರಣ’ವೆಂದೂ ಒದಗಿಸುವುದನ್ನು ‘ಸಹಯೋಗ’ವೆಂದೂ ಬೇರ್ಪಡಿಸಿ ಬರೆಯುವುದು ಯುಕ್ತವು.