ನಾಲ್ವರು ಹೇಳಿದ ಒಂದು ಕಥೆ

ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯನು ಬಿಲ್ಲೇರಿ ನುಡಿಯುವ ಕಾರಣಿಕ ಒಂದೇ ವಾಕ್ಯ. ಜಾತ್ರೆ ಮುಗಿಸಿ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳಿಗೆ ಮರಳುವವರು ಅದಕ್ಕೆ ಬೇರೆ ಬೇರೆ ಅರ್ಥ ಹೇಳುತ್ತಾರೆ. ಅಷ್ಟಕ್ಕೇ ಯಾರೂ ಕಾರಣಿಕವನ್ನು ಸುಳ್ಳೆನ್ನುವುದಿಲ್ಲ. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ತಂದ ನಾಲ್ಕು ಸುವಾರ್ತೆಗಳನ್ನೂ ಇದೇ ಸಹನೆಯಿಂದ ಓದಬೇಕು.

ಮಾರ್ಕನದು ಅತ್ಯಂತ ಚಿಕ್ಕದು. ಮತ್ತಾಯ, ಲೂಕರು ಅದನ್ನು ಮುಂದಿಟ್ಟುಕೊಂಡೇ ಬರೆದರೆಂದು ಬಹುಮಂದಿ ವಿದ್ವಾಂಸರ ಮತ. ಆದ್ದರಿಂದಲೇ ಈ ಮೂರಕ್ಕೂ ನಿಕಟ ಹೋಲಿಕೆ. ಯೋಹಾನನ ಹಾದಿಯೇ ಬೇರೆ. ಕ್ರಿಸ್ತಜನನವನ್ನು ವರ್ಣಿಸುವವರು ಇಬ್ಬರೇ: ಜ್ಞಾನಿಗಳು ಬರುವುದು ಮತ್ತಾಯನಲ್ಲಿ, ಕುರುಬರು ಲೂಕನಲ್ಲಿ. ಅವರನ್ನು ಒಂದೇ ಗೋದಲಿಯ ಮುಂದೆ ನಿಲ್ಲಿಸಿದವರು ಓದುಗರು.

ಅಲ್ಲಿ ಕೂಡಿಸಿದರೆ ನಷ್ಟವಿಲ್ಲ. ಶಿಲುಬೆಯ ಬಳಿ ಉಂಟು. ಮಾರ್ಕ, ಮತ್ತಾಯರ ಯೇಸು ದೇವರು ತನ್ನ ಕೈಬಿಟ್ಟನೇಕೆಂದು ಕೂಗುತ್ತಾನೆ. ಲೂಕನ ಯೇಸು ಭರವಸೆಯಿಂದ ತಂದೆಗೆ ಪ್ರಾಣವನ್ನೊಪ್ಪಿಸುತ್ತಾನೆ. ಯೋಹಾನನ ಯೇಸು ಕಾರ್ಯ ತೀರಿತೆಂದು ತಲೆಬಾಗುತ್ತಾನೆ. ಮೂರನ್ನೂ ಬೆರೆಸಿ ಓದಿದರೆ ಸಾಂತ್ವನವು ಬೇಗನೆ ಬಂದು ಆ ಕೂಗನ್ನು ಮುಚ್ಚಿಬಿಡುತ್ತದೆ. ಪಂಪನ ಕರ್ಣನನ್ನೂ ಕುಮಾರವ್ಯಾಸನ ಕರ್ಣನನ್ನೂ ಬೇರೆಬೇರೆಯಾಗಿ ಬಲ್ಲ ಕನ್ನಡಿಗನಿಗೆ ಈ ಮಾತು ಹೊಸದಲ್ಲ. ದಿಕ್ಕುಗಾಣದೆ ಮೊರೆಯಿಡುವವನಿಗೆ ಮಾರ್ಕನ ಆ ಕೂಗೇ ಒಡನಾಡಿ. ಅದನ್ನು ಅವನಿಗೆ ಉಳಿಸಬೇಕು.